ಮಾತಿನ ಸುತ್ತು

"ಬೆಳಿಗ್ಗೆ ಏನು ತಿಂದ್ರಿ?"

ಪ್ರಶ್ನೆ ಇಷ್ಟೇ. ಬಟ್ಟೆ ಅಂಗಡಿಯ ಸಾಹುಕಾರರ ಬಾಯಿಂದ ಉತ್ತರ ಹೊರಡಲಿಲ್ಲ. ಎಡಗೈ ಕ್ಲಚ್ಚಿನ ಮೇಲೆ ಮರಗಟ್ಟಿತ್ತು, ಕಣ್ಣು ಮುಂದಿನ ಚಕ್ರಕ್ಕೆ ಅಂಟಿಕೊಂಡಿತ್ತು, ಬೆಲೆಯ ಚೀಟಿಯ ದಾರ ಇನ್ನೂ ತೂಗುತ್ತಿದ್ದ ಹೊಸ ಜಾಕೆಟ್ಟಿನೊಳಗೆ ಉಸಿರು ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಗಾಡಿಯ ಪಕ್ಕದಲ್ಲಿ ನಡೆಯುತ್ತಿದ್ದ ಕ್ಲಚ್ಚಕ್ಕ ಚಿಕ್ಕ ಮಗುವಿಗೆ ಕೇಳುವ ಹಾಗೆ ಬಿಡಿಸಿ ಕೇಳಿದಳು.

"ಬೆಳಿಗ್ಗೆ. ತಿಂಡಿ. ಏನು?"

"ಬ್ರೆ..." ಅಂದರು ಸಾಹುಕಾರರು. ಅಷ್ಟಕ್ಕೇ ಗಾಡಿ ಒಮ್ಮೆ ಕೆಮ್ಮಿ ಆಫ್ ಆಯಿತು. ಎರಡೂ ಕಾಲು ನೆಲಕ್ಕೆ ಬಂದವು. ದೊಡ್ಡ ಗಾಡಿ ಒಂದು ಕಡೆಗೆ ವಾಲಿತು, ಕ್ಲಚ್ಚಕ್ಕ ಸೊಂಟ ಕೊಟ್ಟು ಹಿಡಿದುಕೊಂಡಳು. ಇಂಥ ಗಾಡಿಗಳಿಗೆ ಸೊಂಟ ಕೊಟ್ಟೂ ಕೊಟ್ಟೂ ಅವಳ ಎಡಸೊಂಟದಲ್ಲಿ ಒಂದು ನೋವು ಖಾಯಂ ಬಾಡಿಗೆಗೆ ಇದೆ.

"ಗಾಡಿ ಓಡಿಸೋವಾಗ ತಿಂಡಿ ವಿಚಾರ ಯಾಕ್ರೀ?" ಸಾಹುಕಾರರು ಹೆಲ್ಮೆಟ್ಟಿನೊಳಗಿಂದಲೇ ಸಿಡುಕಿದರು. "ನಾನು ಬಂದಿರೋದು ಕೌಶಲ ತರಗತಿಗೆ. ತಿರುವು, ಬ್ರೇಕು, ಅದನ್ನ ಕಲಿಸಿ."

"ಬ್ರೆಡ್ಡು ಅನ್ನೋಕೆ ಆಗದೋರಿಗೆ ಬ್ರೇಕು ಹೇಗೆ ಕಲಿಸ್ಲಿ ಸಾರ್? ಆರಂಭದ ತರಗತಿಗೆ ಬನ್ನಿ. ಸೋಮವಾರದಿಂದ."

"ಅಲ್ಲಿ ಕಾಲೇಜು ಹುಡುಗೀರಿದಾರೆ."

"ಇದಾರೆ. ನಿಮಗಿಂತ ಚೆನ್ನಾಗಿ ಓಡಿಸ್ತಾರೆ. ಬನ್ನಿ, ನೋಡಿ ಕಲೀಬಹುದು."

ಕ್ಲಚ್ಚಕ್ಕನ ದಿನಗಳು ಹೀಗೆಯೇ ಶುರುವಾಗುತ್ತವೆ. ಮುಚ್ಚಿಹೋದ ಒಂದು ಗೋದಾಮಿನ ಹಿಂದಿನ ಸಿಮೆಂಟು ಅಂಗಳ ಅವಳ ಶಾಲೆ. ಹಿಂದೊಮ್ಮೆ ಅದೇ ಗೋದಾಮಿನಿಂದ ಮೋಟಾರಿನ ಬಿಡಿಭಾಗಗಳನ್ನು ಬೈಕಿನಲ್ಲಿ ಹೇರಿಕೊಂಡು ಅಂಗಡಿ ಅಂಗಡಿಗೆ ಹಂಚುತ್ತಿದ್ದವಳು ಅವಳು. ಗೋದಾಮು ಮುಚ್ಚಿದಾಗ ಮಾಲೀಕರು ಕಪಾಟು, ಕುರ್ಚಿ, ತಕ್ಕಡಿ ಎಲ್ಲ ಮಾರಿದರು. ಮಾರಲಾಗದೆ ಉಳಿದದ್ದು ಅಂಗಳ ಮತ್ತು ಇವಳು. ಎರಡೂ ಸೇರಿ ಶಾಲೆಯಾಯಿತು. ಲಾರಿಗಳು ಸುರಿಸಿದ ಎಣ್ಣೆಯ ಕಪ್ಪು ಕಲೆಗಳು ನೆಲದಲ್ಲಿ ಹಾಗೇ ಇವೆ. ಮರಳು ತುಂಬಿದ ಬಣ್ಣದ ಡಬ್ಬಗಳೇ ಗುರುತಿನ ಕಂಬಗಳು. ಕಲಿಯುವವರ ಗಾಡಿಗಳಿಗೆ ಸುತ್ತಲೂ ಕಬ್ಬಿಣದ ಗಾರ್ಡು, ಅದರ ಮೇಲೆ ಹಳೇ ಸೈಕಲ್ ಟ್ಯೂಬು ಸುತ್ತಿದ್ದು. ಇಡೀ ದಿನ "ಕ್ಲಚ್ಚು, ಕ್ಲಚ್ಚು, ಕ್ಲಚ್ಚು ಬಿಡ್ಬೇಡಿ" ಎಂದು ಕೂಗುತ್ತಿದ್ದವಳಿಗೆ ಯಾರೋ ಇಟ್ಟ ಹೆಸರು ಕ್ಲಚ್ಚಕ್ಕ. ಅವಳಿಗಿಂತ ಹಿರಿಯರೂ ಅಕ್ಕ ಅಂತಲೇ ಕರೆಯುತ್ತಾರೆ.

ಅವಳಲ್ಲಿ ಎರಡು ತರಗತಿ. ಆರಂಭದ್ದರಲ್ಲಿ ಗಾಡಿ ಹತ್ತುವುದು, ಇಳಿಯುವುದು, ಅರ್ಧ ಕ್ಲಚ್ಚಿನಲ್ಲಿ ಹೊರಡುವುದು, ನಿಲ್ಲಿಸುವುದು. ಕೌಶಲದ್ದರಲ್ಲಿ ಗಕ್ಕನೆ ಬ್ರೇಕ್ ಹಿಡಿದರೂ ಜಾರದಿರುವುದು, ಅಡ್ಡ ಬಂದದ್ದನ್ನು ಬಳುಕಿ ತಪ್ಪಿಸುವುದು, ತಿರುವಿನಲ್ಲಿ ಗಾಡಿಯ ಜೊತೆ ತಾನೂ ವಾಲುವುದು. ಎಲ್ಲರಿಗೂ ಎರಡನೆಯದೇ ಬೇಕು. ಮೊದಲನೆಯದಕ್ಕೆ ಬನ್ನಿ ಅಂದರೆ ಮನೆತನದ ಮರ್ಯಾದೆ ಹರಾಜಾದ ಹಾಗೆ ಮುಖ ಮಾಡುತ್ತಾರೆ. ಈಜು ಬಾರದವನು ಮೇಲಿನ ಹಲಗೆಯಿಂದ ಧುಮುಕುವುದನ್ನು ಕಲಿಸಿ ಎಂದು ಕೇಳಿದರೆ ಜನ ನಗುತ್ತಾರೆ. ಗಾಡಿಯ ವಿಷಯದಲ್ಲಿ ಮಾತ್ರ ಯಾರೂ ನಗುವುದಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಮಂಚದ ಸುತ್ತ ನಿಂತು, ರಸ್ತೆ ಸರಿ ಇರಲಿಲ್ಲ, ಎದುರಿಗೆ ಬಂದವನು ಸರಿ ಇರಲಿಲ್ಲ ಅನ್ನುತ್ತಾರೆ.

ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ಬಾಗಿಲು ಮಾತಿನ ಸುತ್ತು. ಕ್ಲಚ್ಚಕ್ಕ ಗಾಡಿಯ ಎಡಗಡೆ, ಕ್ಲಚ್ಚಿನ ಕೈಯ ಪಕ್ಕ, ತನ್ನ ಮಾಮೂಲಿ ನಡಿಗೆಯಲ್ಲಿ ನಡೆಯುತ್ತಾಳೆ. ಸವಾರ ಅವಳನ್ನು ದಾಟಿ ಹೋಗಬಾರದು, ಕಾಲು ನೆಲಕ್ಕೆ ಇಡಬಾರದು, ಡಬ್ಬಗಳ ಸುತ್ತ ತಿರುಗಿ ಬರಬೇಕು, ಮತ್ತು ಅವಳ ಜೊತೆ ಮಾತಾಡುತ್ತಿರಬೇಕು. ತಿಂಡಿ ಏನು, ಮಳೆ ಬರುತ್ತಾ, ಪಕ್ಕದ ಮನೆಯವರು ಹೇಗೆ, ಇಂಥದ್ದೇ. ಮಾತು ನಿಂತರೆ ಕೈಕಾಲು ಇನ್ನೂ ತಲೆಯನ್ನು ಕೇಳಿಕೊಂಡು ಕೆಲಸ ಮಾಡುತ್ತಿವೆ ಎಂದು ಅವಳ ಲೆಕ್ಕ. ತಲೆಗೆ ಬಿಡುವಿಲ್ಲದವನಿಗೆ ಹೊಸ ಪಾಠ ಎಲ್ಲಿ ಇಡುವುದು? ಅವನಿಗೆ ಗಕ್ಕನೆ ಬ್ರೇಕ್ ಹಿಡಿ ಅಂದರೆ ಹಿಡಿಯುತ್ತಾನೆ, ಹಿಡಿದೇ ಇರುತ್ತಾನೆ, ಬೀಳುವವರೆಗೂ. ದಿನವಿಡೀ ಹೀಗೆ ಹರಟುತ್ತ ನಡೆದು ಅವಳ ಚಪ್ಪಲಿ ಗಾಡಿಯ ಟೈರಿಗಿಂತ ಬೇಗ ಸವೆಯುತ್ತದೆ.

ಸಾಹುಕಾರರಂಥವರು ಸಿಡುಕಿ ಹೋಗುತ್ತಾರೆ, ಹೋಗಲಿ. ಆದರೆ ಈ ಸಲ ಬಾಗಿಲಲ್ಲಿ ನಿಂತಿದ್ದದ್ದು ಅವಳ ಸ್ವಂತ ಅತ್ತಿಗೆ.

ಅತ್ತಿಗೆ ಮನೆಮನೆಗೆ ಹೋಗುವ ನರ್ಸು. ಊರಾಚೆ ದಿಣ್ಣೆಯ ಮೇಲೆ ಚದುರಿಕೊಂಡಿರುವ ಮನೆಗಳು ಅವರ ಪಾಲಿನವು. ಅಲ್ಲಿ ಕಾಲಿನ ಗಾಯ ಮಾಯದ ಒಬ್ಬ ಅಜ್ಜ ಇದ್ದಾನೆ, ಹಾಸಿಗೆ ಬಿಟ್ಟು ಏಳಲಾಗದ ಹೆಂಗಸೊಬ್ಬಳಿದ್ದಾಳೆ, ಇನ್ನೂ ಹಲವರಿದ್ದಾರೆ. ಇಷ್ಟು ವರ್ಷ ಅತ್ತಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಒಂದು ದಿನ ಬಸ್ಸು ನಿಂತಿತು. ಜನ ಸಾಲುತ್ತಿಲ್ಲವಂತೆ. ಹಾಸಿಗೆ ಬಿಟ್ಟು ಏಳಲಾಗದವರು ಬಸ್ಸು ಹತ್ತುವುದಿಲ್ಲ ಎಂಬುದು ಬಸ್ಸಿನವರ ತಲೆಗೆ ಹೋಗಲಿಲ್ಲವೋ, ಹೋಗಿಯೂ ಹೀಗೆ ಮಾಡಿದರೋ. ನರ್ಸುಗಳ ಮೇಲ್ವಿಚಾರಕರು ಅದಕ್ಕೊಂದು ಪರಿಹಾರ ಕಂಡುಹಿಡಿದರು: ಕಚೇರಿಯಿಂದ ಬೈಕು ಕೊಡುತ್ತೇವೆ, ಕೌಶಲ ತರಗತಿ ಮುಗಿಸಿದ ಸರ್ಟಿಫಿಕೇಟು ತನ್ನಿ, ಅಲ್ಲಿಯವರೆಗೆ ನಡೆದೇ ಹೋಗಿಬನ್ನಿ. ತಿಂಗಳ ಕೊನೆಯೊಳಗೆ ತರದಿದ್ದರೆ ದಿಣ್ಣೆಯ ಮನೆಗಳನ್ನು ಪಟ್ಟಿಯಿಂದ ತೆಗೆಯುತ್ತೇವೆ, ಬೇಕಾದವರು ತಾವೇ ಕೆಳಗೆ ಬರಲಿ.

ಬಸ್ಸು ನಿಲ್ಲಿಸಿದವರಿಗೆ ಯಾವ ಪರೀಕ್ಷೆಯೂ ಇಲ್ಲ. ಸೈಕಲ್ಲನ್ನೂ ಮುಟ್ಟದ, ನಲವತ್ತು ದಾಟಿದ ಹೆಂಗಸಿಗೆ ಪರೀಕ್ಷೆ.

ಅತ್ತಿಗೆ ಹೆದರಲಿಲ್ಲ. ಮಾರನೆಯ ಸಂಜೆಯೇ ಅಂಗಳಕ್ಕೆ ಬಂದು, ಸೀರೆ ಬಿಟ್ಟು ಅಣ್ಣನ ಹಳೇ ಪ್ಯಾಂಟು ಹಾಕಿಕೊಂಡು, ಆರಂಭದ ತರಗತಿಯ ಕಾಲೇಜು ಹುಡುಗಿಯರ ಸಾಲಿನಲ್ಲಿ ನಿಂತರು. ಕಲಿತರು ಕೂಡ. ಹೊರಡುವುದು ಬಂತು, ನಿಲ್ಲಿಸುವುದು ಬಂತು, ಡಬ್ಬ ಸುತ್ತುವುದು ಬಂತು. ಮಾತಿನ ಸುತ್ತು ಮಾತ್ರ ಬರಲಿಲ್ಲ. ಗಾಡಿ ಹೊರಟೊಡನೆ ಅತ್ತಿಗೆಯ ಬಾಯಿಗೆ ಬೀಗ ಬೀಳುತ್ತಿತ್ತು. ಮನೆಯಲ್ಲಿ ಆ ಬಾಯಿಗೆ ಬೀಗ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಊಟದ ಹೊತ್ತಿಗೆ ಇದೇ ಜಗಳ.

"ಹರಟೆ ಹೊಡೀತಾ ಗಾಡಿ ಓಡಿಸ್ಬಾರ್ದು ಅಂತ ಎಲ್ಲ ಕಡೆ ಬೋರ್ಡು ಹಾಕಿರ್ತಾರೆ," ಅಂದರು ಅತ್ತಿಗೆ, ತಟ್ಟೆಗೆ ಅನ್ನ ಬಡಿಸುವ ಬದಲು ಎಸೆಯುತ್ತ. "ಇವಳೊಬ್ಬಳದು ಉಲ್ಟಾ ಕಾನೂನು."

"ಅತ್ತಿಗೆ, ನೀವು ಸೂಜಿ ಚುಚ್ಚೋವಾಗ ಏನ್ಮಾಡ್ತೀರಿ?"

"ಏನ್ಮಾಡ್ತೀನಿ, ಚುಚ್ತೀನಿ."

"ಬಾಯಿ ಮುಚ್ಕೊಂಡಾ?"

"ಬಾಯಿ ಮುಚ್ಕೊಂಡು ಚುಚ್ಚಿದ್ರೆ ಆ ಅಜ್ಜ ಕೈ ಕೊಡ್ತಾನೇನೇ? ಅವನ ಮಗಳ ವಿಷಯ ತೆಗೀಬೇಕು. ಅಳಿಯನ್ನ ಬೈಯೋಕೆ ಶುರು ಮಾಡ್ತಾನೆ. ಅವನು ಬೈತಾ ಇರೋವಾಗ ಸೂಜಿ ಒಳಗೂ ಹೋಗಿರುತ್ತೆ, ಹೊರಗೂ ಬಂದಿರುತ್ತೆ. ಅವನಿಗೆ ಗೊತ್ತೇ ಆಗಲ್ಲ."

"ಅಂದ್ರೆ ನಿಮ್ಮ ಕೈ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಅಷ್ಟೇ ನಾನು ಕೇಳ್ತಿರೋದು."

"ಸೂಜಿ ನನ್ನನ್ನ ಕೆಳಗೆ ಬೀಳ್ಸಲ್ಲ ಕಣೇ."

ಅಣ್ಣ ಇಬ್ಬರ ನಡುವೆ ಕುಳಿತು ಉಣ್ಣುತ್ತಿದ್ದ. ಫ್ಯಾನು, ಮಿಕ್ಸಿಗಳ ಮೋಟಾರು ರಿಪೇರಿ ಮಾಡುವವನು. ಮದುವೆಯಾದ ದಿನದಿಂದ ನ್ಯೂಟ್ರಲ್‌ನಲ್ಲೇ ಇರುವ ಮನುಷ್ಯ. ಎಷ್ಟು ಆಕ್ಸಿಲರೇಟರ್ ತಿರುವಿದರೂ ಸದ್ದು ಬರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. "ಇಬ್ರೂ ಹೇಳೋದು ಸರಿ," ಅಂದ. ಇಬ್ಬರೂ ಅವನನ್ನು ದುರುಗುಟ್ಟಿ ನೋಡಿದರು.

ಶನಿವಾರ, ಭಾನುವಾರ ಕೌಶಲ ತರಗತಿ ಇತ್ತು. ಆ ತಿಂಗಳಿಗೆ ಅದೊಂದೇ. ಅದು ತಪ್ಪಿದರೆ ದಿಣ್ಣೆಯ ಮನೆಗಳು ತಪ್ಪಿದಂತೆ.

ಬುಧವಾರ ಸಂಜೆ ಅತ್ತಿಗೆ ತಾವಾಗಿಯೇ ಬಂದರು. ಮುಖದಲ್ಲಿ ಒಂದು ಗೆಲುವು ಮೊದಲೇ ಬಂದು ಕುಳಿತಿತ್ತು. "ಕೇಳು, ಏನ್ ಕೇಳ್ತೀಯೋ ಕೇಳು," ಅಂದು ಗಾಡಿ ಹತ್ತಿದರು. ಗಾಡಿ ಹೊರಟಿತು. ಕ್ಲಚ್ಚಕ್ಕ ಪಕ್ಕದಲ್ಲಿ ನಡೆದಳು.

"ಬೆಳಿಗ್ಗೆ ಏನು ತಿಂದ್ರಿ?"

"ಬ್ರೆಡ್ಡು, ಮೊಟ್ಟೆ, ಒಂದು ಲೋಟ ಹಾಲು." ಗಾಡಿ ಅಲುಗಲಿಲ್ಲ.

"ಮಳೆ ಬರುತ್ತಾ?"

"ಮೋಡ ಇದೆ. ಸಂಜೆ ಬಂದ್ರೂ ಬರಬಹುದು."

"ಪಕ್ಕದ ಮನೆಯೋರು ಹೇಗೆ?"

"ಒಳ್ಳೆ ಜನ. ರೇಡಿಯೋ ಸ್ವಲ್ಪ ಜೋರು."

ಕ್ಲಚ್ಚಕ್ಕನಿಗೆ ಒಂದು ಗಳಿಗೆ ಖುಷಿಯಾಯಿತು. ಮರುಗಳಿಗೆ ತಲೆ ಎತ್ತಿ ಆಕಾಶ ನೋಡಿದಳು. ಮೋಡದ ಚೂರೂ ಇರಲಿಲ್ಲ. ಇನ್ನೊಂದು ಮಾತು ಅವಳಿಗೆ ಆಗ ಹೊಳೆಯಿತು: ಒಂದೇ ಮನೆ, ಒಂದೇ ಅಡುಗೆಮನೆ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ನಿಂತು ತಿಂದದ್ದು ರಾತ್ರಿ ಉಳಿದ ಅನ್ನ. ಮೊಟ್ಟೆ ತಂದು ವಾರವಾಗಿತ್ತು.

"ಅತ್ತಿಗೆ, ಇದನ್ನ ನಿಮಗೆ ಉರು ಹೊಡ್ಸಿದ್ದು ಯಾರು? ಅಣ್ಣನಾ?"

ಈ ಪ್ರಶ್ನೆ ಪಟ್ಟಿಯಲ್ಲಿ ಇರಲಿಲ್ಲ. ಅತ್ತಿಗೆಯ ಕಣ್ಣು ಸರ್ರನೆ ಮುಂದಿನ ಚಕ್ರಕ್ಕೆ ಇಳಿಯಿತು, ಭುಜ ಕಿವಿಯವರೆಗೆ ಏರಿತು. ಗಾಡಿ ತನ್ನ ಪಾಡಿಗೆ ಹೋಗಿ ಒಂದು ಬಣ್ಣದ ಡಬ್ಬವನ್ನು ಗುದ್ದಿ ಮರಳೆಲ್ಲ ಚೆಲ್ಲಿ ನಿಂತಿತು.

ಆಗಿದ್ದು ಇಷ್ಟು: ಪ್ರಶ್ನೆಗಳು ಮನೆಯವರಿಗೆಲ್ಲ ಬಾಯಿಪಾಠ. ಕ್ಲಚ್ಚಕ್ಕ ಸ್ನಾನಕ್ಕೆ ಹೋದಾಗಲೆಲ್ಲ ಅಣ್ಣ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಎರಡು ತಟ್ಟೆಗಳನ್ನು ಹ್ಯಾಂಡಲ್ಲಿನಂತೆ ಕೈಗೆ ಕೊಟ್ಟು, ಕೇಳಿ ಕೇಳಿ ಉತ್ತರ ಗಟ್ಟಿ ಮಾಡಿಸಿದ್ದ. ಮೋಟಾರಿನ ಸುರುಳಿ ಸುತ್ತುವವನ ತಾಳ್ಮೆ ಅದು. ಜೀವನದಲ್ಲಿ ಮೊದಲ ಸಲ ಗೇರ್ ಹಾಕಿದ್ದ, ಅದೂ ಹೀಗೆ.

ಅಂದು ರಾತ್ರಿ ಮನೆಯಲ್ಲಿ ಕ್ಲಚ್ಚಕ್ಕ ಅಣ್ಣನನ್ನು ಹಿಡಿದುಕೊಂಡಳು. "ಅಲ್ಲ ಕಣೋ, ಯಾರಿಗೆ ಮೋಸ ಮಾಡ್ದೆ? ನನಗಾ? ದಿಣ್ಣೆ ತಿರುವಲ್ಲಿ ಲಾರಿ ಬಂದು, ಬೆಳಿಗ್ಗೆ ಏನು ತಿಂದ್ರಿ ಅಂತ ಕೇಳುತ್ತಾ?"

"ಅವಳು ಅಳ್ತಿದ್ಲು," ಅಂದ ಅಣ್ಣ. ಅಷ್ಟೇ ಅಂದದ್ದು.

ಗುರುವಾರ ಮೇಲ್ವಿಚಾರಕರ ಫೋನು ಬಂತು. ಸಿಹಿಯಾದ ದನಿ. "ನೋಡಿ ಮೇಡಂ, ನಿಮ್ಮ ಮನೆಯವರೇ ಅಲ್ವಾ. ಶನಿವಾರ ಬಂದು ಕೂತ್ಕೊಳ್ಲಿ ಸಾಕು. ನಮಗೆ ಬೇಕಾಗಿರೋದು ಒಂದು ಸರ್ಟಿಫಿಕೇಟು. ಓಡಿಸ್ತಾ ಓಡಿಸ್ತಾ ತಾನಾಗೇ ಬರುತ್ತೆ."

"ನಿಮಗೆ ಬರುತ್ತಾ ಸಾರ್, ಬೈಕು?"

"ನನಗೆ ಕಾರಿದೆ."

"ಹಾಗಾದ್ರೆ ದಿಣ್ಣೆ ಮೇಲಿನ ಅಜ್ಜನ ಮನೆಗೆ ಅತ್ತಿಗೇನ ನೀವೇ ಕಾರಲ್ಲಿ ಕರ್ಕೊಂಡು ಹೋಗಿಬಿಡಿ."

ಆ ಕಡೆ ಫೋನು ಇಟ್ಟ ಸದ್ದು. ಇವಳ ಸಹಿಯೊಂದು ಬಿದ್ದರೆ ಸಾಕು, ಮುಂದೆ ಏನಾದರೂ ಆದರೆ ತರಬೇತಿ ಕೊಡಿಸಿದ್ದೆವಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ಸೇತುವೆಯ ಆಚೆ ಒಂದು ಶಾಲೆ ಇದೆ, ಅಲ್ಲಿ ಮುಖ ತೋರಿಸಿದವರಿಗೆಲ್ಲ ಸರ್ಟಿಫಿಕೇಟು. ಅತ್ತಿಗೆಯ ಕಚೇರಿಯದೇ ಇನ್ನೊಬ್ಬ ನರ್ಸು ಅಲ್ಲಿಗೆ ಹೋಗಿದ್ದಳು. ಗಾಡಿ ನಿಲ್ಲಿಸಲು ಸರಿಯಾಗಿ ಬಾರದವಳನ್ನು ಮೊದಲ ಗಂಟೆಯಲ್ಲೇ ಗಕ್ಕನೆ ಬ್ರೇಕ್ ಹಿಡಿಯುವ ಪಾಠಕ್ಕೆ ನಿಲ್ಲಿಸಿದರು. ಪಾಪ, ಹೇಳಿದ ಹಾಗೆ ಮುಂದಿನ ಬ್ರೇಕನ್ನು ಮುಷ್ಟಿ ಕಟ್ಟಿ ಹಿಡಿದಳು. ಮಣಿಕಟ್ಟು ಮುರಿಯಿತು. ಸೂಜಿ ಹಿಡಿಯುವ ಕೈ. ಸರ್ಟಿಫಿಕೇಟು ಮಾತ್ರ ಮನೆಗೇ ಬಂತಂತೆ.

ಶುಕ್ರವಾರ ಸಂಜೆ ಅತ್ತಿಗೆ ಅಂಗಳಕ್ಕೆ ಬಂದರು. ಸೀರೆಯಲ್ಲಿ ಅಲ್ಲ, ಪ್ಯಾಂಟಿನಲ್ಲೇ, ಆದರೆ ಕೈಯಲ್ಲಿ ಶಾಲೆಯ ಹೆಲ್ಮೆಟ್ಟು, ಗ್ಲೌಸು. ಬೇರೆಯವರೆಲ್ಲ ಹೋಗಿಯಾಗಿತ್ತು. ಕ್ಲಚ್ಚಕ್ಕ ಶನಿವಾರಕ್ಕೆ ಡಬ್ಬಗಳನ್ನು ಜೋಡಿಸುತ್ತಿದ್ದಳು.

"ತಗೋ ನಿನ್ನ ಸಾಮಾನು," ಅಂದರು. "ನಾಳೆ ನಾನು ಸೇತುವೆ ಆಚೆ ಹೋಗ್ತಿದೀನಿ."

ಕ್ಲಚ್ಚಕ್ಕ ಕೈಲಿದ್ದ ಡಬ್ಬವನ್ನು ದಡಕ್ಕನೆ ಇಟ್ಟಳು. "ಹೋಗಿ. ಮಣಿಕಟ್ಟಿಗೆ ಈಗಲೇ ಎಣ್ಣೆ ಹಚ್ಕೊಳ್ಳಿ."

"ಅಪಶಕುನ ನುಡೀಬೇಡ."

"ಶಕುನ ಅಲ್ಲ, ಅಲ್ಲಿ ಕಲಿಸೋ ರೀತಿ. ಗಾಡಿ ಷೆಡ್ಡಿಗೆ ಹಾಕಿ ಹೋಗಿ. ಕೊನೇಗೆ ಓಡಿಸ್ದೋರು ಒಳಗೆ ಹಾಕ್ಬೇಕು, ಗೊತ್ತಲ್ಲ."

ಅದು ಅಂಗಳದ ಪದ್ಧತಿ. ಬುಧವಾರ ಡಬ್ಬ ಗುದ್ದಿದ ಗಾಡಿ ಇನ್ನೂ ಗೋಡೆಯ ಬಳಿ ಅಲ್ಲೇ ನಿಂತಿತ್ತು, ಪದ್ಧತಿಗಾಗಿಯೋ ಹಟಕ್ಕಾಗಿಯೋ ಯಾರೂ ಮುಟ್ಟಿರಲಿಲ್ಲ. ಷೆಡ್ಡು ಅಂಗಳದ ಆ ತುದಿಗೆ. ಅತ್ತಿಗೆ ಹಲ್ಲು ಕಡಿಯುತ್ತ ಹೆಲ್ಮೆಟ್ಟು ಏರಿಸಿ, ಗಾಡಿ ಹತ್ತಿ, ಸ್ಟ್ಯಾಂಡ್ ತೆಗೆದು ಹೊರಟರು. ಕ್ಲಚ್ಚಕ್ಕ ಅಭ್ಯಾಸಬಲದಿಂದ ಎಡಗಡೆ ನಡೆದಳು. ಪರೀಕ್ಷೆ ಅಂತ ಅಲ್ಲ. ಜಗಳ ಮುಗಿದಿರಲಿಲ್ಲ, ಅದಕ್ಕೆ.

"ಒಂದು ತಿಂಗಳು ಕಾಯೋಕೆ ಆಗಲ್ವಾ ನಿಮಗೆ?"

"ನಾನು ಕಾಯ್ತೀನಿ ಕಣೇ. ಅಜ್ಜನ ಕಾಲು ಕಾಯುತ್ತಾ? ಆ ಗಾಯ ನೋಡಿದೀಯಾ ನೀನು? ಬಟ್ಟೆ ಬದಲಾಯಿಸೋದು ಎರಡು ದಿನ ತಪ್ಪಿದ್ರೆ ವಾಸನೆ ಬರುತ್ತೆ. ಇವರು ಕೆಳಗೆ ಬಾ ಅಂತಾರೆ. ಒಂದು ಕಾಲಲ್ಲಿ ಕುಂಟ್ಕೊಂಡು ಬರ್ಬೇಕಾ ದಿಣ್ಣೆಯಿಂದ?"

"ನಾನೇನ್ ಮಾಡ್ಲಿ, ಬಸ್ಸು ನಿಲ್ಸಿದ್ದು ನಾನಾ?"

"ಬಸ್ಸು ನಿಲ್ಸಿದೋರು ಕೈಗೆ ಸಿಗಲ್ಲ, ನೀನು ಸಿಕ್ಕಿದೀಯಾ. ಊರಿಗೆಲ್ಲ ಕಲಿಸ್ತೀಯಾ, ಮನೆಯೋಳಿಗೆ ಮಾತ್ರ ಬಾಗಿಲು ಹಾಕ್ತೀಯಾ. ನಿನ್ನ ಕಣ್ಣಿಗೆ ನಾನೂ ಒಂದು ಡಬ್ಬ. ಮರಳು ತುಂಬಿದ ಡಬ್ಬ. ಇಷ್ಟು ವರ್ಷ ಆ ಮನೇಲಿ ನಿನ್ನ ಗ್ರೀಸ್ ಕೈಯ ಟವೆಲ್ ಒಗೆದಿದೀನಿ. ನಲ್ಲಿ ತಿರುಗಿಸಿದ್ರೆ ಪೂರ್ತಿ ನಿಲ್ಸೋಲ್ಲ ನೀನು, ತೊಟ್ಟಿಕ್ತಾ ಇರುತ್ತೆ, ಎದ್ದು ಹೋಗಿ ನಿಲ್ಸೋದು ನಾನು."

ಷೆಡ್ಡು ಬಂತು. ಅತ್ತಿಗೆ ಷೆಡ್ಡಿನೊಳಗೆ ಹೋಗಲಿಲ್ಲ. ಮಾತಿನ್ನೂ ಮುಗಿದಿರಲಿಲ್ಲವಾದ್ದರಿಂದ ಗಾಡಿ ತಾನಾಗಿ ಅದರ ಮುಂದೆ ತಿರುಗಿ, ಡಬ್ಬಗಳ ಕಡೆಗೆ ಹೊರಟಿತು. ಕ್ಲಚ್ಚಕ್ಕನೂ ಜೊತೆಗೇ ತಿರುಗಿದಳು.

ಅವಳಿಗೆ ಆಗ ಕಂಡದ್ದು ಅತ್ತಿಗೆಯ ಕಣ್ಣು. ಅದು ಚಕ್ರದ ಮೇಲೆ ಇರಲಿಲ್ಲ. ಒಂದು ಸಲ ಮುಂದಿನ ಡಬ್ಬದ ಆಚೆಗೆ ಹೋಗುತ್ತಿತ್ತು, ಒಂದು ಸಲ ಬೈಯಲು ಇವಳ ಮುಖಕ್ಕೆ ಬರುತ್ತಿತ್ತು, ಮತ್ತೆ ಮುಂದಕ್ಕೆ. ಭುಜ ಇಳಿದಿತ್ತು. ಎಡಗೈಯ ಬೆರಳುಗಳು ಕ್ಲಚ್ಚನ್ನು ಇಷ್ಟಿಷ್ಟೇ ಒತ್ತುತ್ತಿದ್ದವು, ಬಿಡುತ್ತಿದ್ದವು, ಯಾರನ್ನೂ ಕೇಳದೆ. ಗಾಡಿ ಅವಳ ನಡಿಗೆಯ ಪಕ್ಕದಲ್ಲೇ ಉರುಳುತ್ತಿತ್ತು. ಇವಳು ನಿಧಾನ ಮಾಡಿದಳು, ಗಾಡಿಯೂ ನಿಧಾನವಾಯಿತು.

ಹೇಳಿಬಿಟ್ಟರೆ ಕೆಟ್ಟಿತು. ನೋಡಿ ಅತ್ತಿಗೆ ಅಂದರೆ ಸಾಕು, ಕಣ್ಣು ಚಕ್ರಕ್ಕೆ ಇಳಿಯುತ್ತದೆ, ಬಾಯಿಗೆ ಬೀಗ ಬೀಳುತ್ತದೆ. ಕ್ಲಚ್ಚಕ್ಕ ಕೈಗೆ ಸಿಕ್ಕ ಮೊದಲ ಕಡ್ಡಿಯನ್ನು ಬೆಂಕಿಗೆ ಹಾಕಿದಳು.

"ನಲ್ಲಿ ವಾಷರ್ ಸವೆದಿದೆ. ಅದನ್ನ ಹಾಕೋದು ನಿಮ್ಮ ಗಂಡನ ಕೆಲಸ."

"ನನ್ನ ಗಂಡ ಅಂತೆ. ನಿನಗೆ ಅಣ್ಣ ಅಲ್ವಾ? ಕೆಲಸ ಇದ್ದಾಗ ನನ್ನ ಗಂಡ, ಊಟಕ್ಕೆ ಕೂತಾಗ ನಿನ್ನ ಅಣ್ಣ. ಚಮಚದ ಡ್ರಾಯರಿನಲ್ಲಿ ನಿನ್ನ ಬ್ರೇಕಿನ ಲಿವರ್ ಯಾಕಿರುತ್ತೆ, ಅದನ್ನ ಹೇಳು ಮೊದ್ಲು. ಮೊನ್ನೆ ಸೌಟು ಅಂತ ಅದನ್ನೇ ಪಾತ್ರೆಗೆ ಹಾಕಿದೀನಿ."

ಎಡಕ್ಕೊಂದು ಡಬ್ಬ, ಬಲಕ್ಕೊಂದು ಡಬ್ಬ. ಗಾಡಿ ಒಳಗೆ ಹೊಕ್ಕು ಹೊರಗೆ ಬಂತು.

"ಅದಕ್ಕೇ ಅಂದು ಸಾರು ಅಷ್ಟು ರುಚಿಯಾಗಿತ್ತಾ?"

"ನಗ್ತೀಯಾ ಬೇರೆ? ಅಜ್ಜನ ಮನೆ ಹೋಗುತ್ತೆ ನನ್ನ ಕೈಯಿಂದ, ನಿನಗೆ ನಗು. ಆ ಹಾಸಿಗೆಯೋಳು, ಅವಳ ಬೆನ್ನು ಹುಣ್ಣಾಗದಂತೆ ಇಷ್ಟು ದಿನ ತಿರುಗ್ಸಿ ತಿರುಗ್ಸಿ ಮಲಗಿಸಿದೀನಿ. ಮನೆಯೋರಿಗೆ ಹೇಳ್ಕೊಟ್ರೂ ಸರಿಯಾಗಿ ಮಾಡಲ್ಲ. ನಾನು ಹೋದಾಗ ಮೊದ್ಲು ಅವಳು ಕೇಳೋದೇನು ಗೊತ್ತಾ? ಮುಂದಿನ ಸಲ ಬರ್ತೀರಲ್ಲಾ ಅಂತ. ಬಂದಿದೀನಲ್ಲಮ್ಮಾ ಅಂದ್ರೂ ಅದೇ. ಏನ್ ಹೇಳ್ಲಿ ಅವಳಿಗೆ? ನನ್ನ ನಾದಿನಿಗೆ ಬೆಳಗಿನ ತಿಂಡಿ ಏನು ಅಂತ ಹೇಳೋಕೆ ಆಗ್ಲಿಲ್ಲ, ಅದಕ್ಕೆ ಬರಲ್ಲ ಅನ್ಲಾ?"

ಒಂದು ನಾಯಿ ಗೋಡೆಯ ಬಿರುಕಿನಿಂದ ನುಸುಳಿ ಬಂದು, ಯಾವತ್ತೂ ಇಲ್ಲದ್ದು ಇವತ್ತೇ, ಗಾಡಿಗೆ ಅಡ್ಡ ನಿಂತು ಮೈ ಕೆರೆದುಕೊಳ್ಳತೊಡಗಿತು. ಕ್ಲಚ್ಚಕ್ಕ ಗಾಡಿ ಹಿಡಿಯಲು ಸೊಂಟ ಮುಂದೆ ತಂದಳು. ಅತ್ತಿಗೆ ಹಿಂದಿನ ಬ್ರೇಕು ಒತ್ತಿ ಗಾಡಿಯ ವೇಗವನ್ನು ತೆವಳುವಷ್ಟಕ್ಕೆ ಇಳಿಸಿದರು, "ಹೋಗಾಚೆ" ಎಂದು ನಾಯಿಗೆ ಗದರಿದರು, ಅದು ಸರಿದ ಮೇಲೆ ಕ್ಲಚ್ಚು ಬಿಟ್ಟು ಮುಂದುವರಿದರು. ಗದರಿದ ಬಾಯಿಯಲ್ಲೇ ಬೈಗುಳವೂ ಮುಂದುವರಿಯಿತು.

"ಆ ಅಜ್ಜ ಈಗಲೂ ಅಳಿಯನ್ನ ಬೈತಾನಾ?" ಕೇಳಿದಳು ಕ್ಲಚ್ಚಕ್ಕ. ಅವಳಿಗೆ ಈಗ ಏದುಸಿರು. ಒಂದು ಇಡೀ ಸುತ್ತು ಮುಗಿದು ಇನ್ನೊಂದು ಅರ್ಧವಾಗಿತ್ತು.

"ಬೈತಾನೆ. ನಿನ್ನೆ ಬೈದ. ಆರು ತಿಂಗಳಿಂದ ಬಂದಿಲ್ವಂತೆ. ಬಂದಾಗ ಮೇಲಿನ ಹೆಂಚು ಸರಿ ಮಾಡ್ಕೊಡು ಅಂದಿದ್ನಂತೆ, ಮಾಡ್ಲಿಲ್ಲ, ಈಗ ಮಂಚದ ಮೇಲೇ ಸೋರುತ್ತೆ. ನಾನು ಒಂದು ಬಕೆಟ್ಟು..."

ಅತ್ತಿಗೆ ಅಲ್ಲಿ ನಿಲ್ಲಿಸಿದರು. ಮಾತು ಮತ್ತು ಗಾಡಿ ಎರಡನ್ನೂ. ಷೆಡ್ಡಿನ ಮುಂದೆ, ಗೆರೆ ಎಳೆದ ಜಾಗದಲ್ಲಿ, ಕ್ಲಚ್ಚು ಒತ್ತಿ, ಎಡಗಾಲನ್ನು ಮೆಟ್ಟಿಲು ಇಳಿದ ಹಾಗೆ ನೆಲಕ್ಕೆ ಇಟ್ಟು. ಹೆಲ್ಮೆಟ್ಟಿನ ಗಾಜು ಮೇಲೆತ್ತಿ ನಾದಿನಿಯನ್ನು ದಿಟ್ಟಿಸಿದರು.

"ಅಜ್ಜನ ಅಳಿಯನ ವಿಷಯ ನೀನು ಯಾಕೆ ತೆಗೆದೆ?"

ಕ್ಲಚ್ಚಕ್ಕ ಮೊಣಕಾಲಿನ ಮೇಲೆ ಕೈಯೂರಿ ಉಸಿರು ತೆಗೆದುಕೊಳ್ಳುತ್ತಿದ್ದಳು.

ಅತ್ತಿಗೆ ತಿರುಗಿ ಡಬ್ಬಗಳ ಸಾಲು ನೋಡಿದರು. ಎಲ್ಲವೂ ಇಟ್ಟ ಕಡೆ ನಿಂತಿದ್ದವು. ಆ ತುದಿಯ ಗೋಡೆ ನೋಡಿದರು, ತಾವು ಹೊರಟ ಜಾಗ. ಮತ್ತೆ ತಮ್ಮ ಎಡಗೈಯನ್ನು ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ.

"ನನಗೇ ಸೂಜಿ ಚುಚ್ಚಿದೆಯಲ್ಲೇ," ಅಂದರು ಮೆಲ್ಲಗೆ.

"ನೋವಾಯ್ತಾ?"

"ಗೊತ್ತಾಗ್ಲಿಲ್ಲ." ಮೂಗೆಳೆದು, "ನಾನು ಅಂದಿದ್ದು ಒಂದನ್ನೂ ವಾಪಸ್ ತಗೊಳ್ಳಲ್ಲ," ಅಂದರು.

"ತಗೋಬೇಡಿ. ಮುಕ್ಕಾಲು ಭಾಗ ನಿಜವೇ. ನಾಳೆ ಉದ್ದ ತೋಳಿನ ಅಂಗಿ ಹಾಕ್ಕೊಳ್ಳಿ. ಮೊದಲನೇ ಪಾಠ ಬ್ರೇಕು."

ಗಾಡಿ ಷೆಡ್ಡಿನೊಳಗೆ ಹೋಯಿತು. ಕ್ಲಚ್ಚಕ್ಕ ಬೀಗ ಹಾಕಿ, ಹೊರಗೆ ನಿಲ್ಲಿಸಿದ್ದ ತನ್ನ ಸ್ವಂತ ಗಾಡಿಯ ಬೀಗದಕೈ ತೆಗೆದಳು. ಅತ್ತಿಗೆ ಹೆಲ್ಮೆಟ್ಟು ಕಳಚಿರಲಿಲ್ಲ. ಬಂದು ಬೀಗದಕೈಗೆ ಕೈ ಚಾಚಿದರು.

"ಕೊಡು. ಮನೆಗೆ ನಾನೇ ಓಡಿಸ್ತೀನಿ."

"ರೆಡಿ ಆಗಿರೋದು ತರಗತಿಗೆ ಅತ್ತಿಗೆ. ರಸ್ತೆಗೆ ಅಂತ ನಾನು ಅಂದ್ನಾ? ನಾಳೆ ಆಗ್ಲಿ, ನಾಡಿದ್ದು ಆಗ್ಲಿ, ಆಮೇಲೆ ನನ್ನ ಜೊತೆ ದಿಣ್ಣೆ ಹತ್ತಿ ಇಳಿದು ತೋರ್ಸಿ. ಅಲ್ಲೀವರೆಗೆ ಹಿಂದೆ ಕೂತ್ಕೊಳ್ಳಿ."

"ನಿನ್ನ ಹತ್ರ ಒಂದು ಬಾಗಿಲು ದಾಟಿದ್ರೆ ಇನ್ನೊಂದು ಬಾಗಿಲು."

"ಇದೆ. ಕೂತ್ಕೊಳ್ಳಿ."

ಅತ್ತಿಗೆ ಹಿಂದೆ ಕುಳಿತರು. ಗಾಡಿ ಗೇಟು ದಾಟುವ ಮುನ್ನವೇ ನಲ್ಲಿಯ ವಿಷಯ ಮತ್ತೆ ಶುರುವಾಯಿತು. ವಾಷರ್ ಎಲ್ಲಿ ಸಿಗುತ್ತೆ, ಯಾವ ಅಳತೆಯದು, ಇವತ್ತೇ ಯಾಕೆ ತರಬಾರದು. ಕ್ಲಚ್ಚಕ್ಕ ಕನ್ನಡಿಯಲ್ಲಿ ಹಿಂದೆ ನೋಡಿ, ಮುಂದೆ ನೋಡಿ, ರಸ್ತೆಗೆ ಇಳಿಯುತ್ತ, ಒಂದೊಂದಕ್ಕೂ ಉತ್ತರ ಕೊಟ್ಟಳು.